ಆನಂದಮೈಡ್ ಒಡೆಯುವ ಕಿಣ್ವವನ್ನು ತಡೆದರೆ ಏನಾಗುತ್ತದೆ? ಹಂತ ಹಂತವಾಗಿ ತಿಳಿಯುವ ಬಗೆ

ಕಿಣ್ವವೊಂದನ್ನು ತಡೆದು, ಗಾಂಜಾದ ಅಮಲಿಲ್ಲದೆ ನೋವು, ಆತಂಕಗಳನ್ನು ತಗ್ಗಿಸುವ ಮಾತ್ರೆ ಬರಲಿದೆ ಎಂಬ ಸುದ್ದಿ ಕಣ್ಣಿಗೆ ಬಿದ್ದಾಗ, ಅದನ್ನು ನಂಬುವ ಅಥವಾ ತಳ್ಳಿಹಾಕುವ ಮೊದಲು ದೇಹದೊಳಗೆ ನಡೆಯುವುದನ್ನು ಹೀಗೆ ಹಿಂಬಾಲಿಸಿ.

ಮೊದಲಿಗೆ ಸಂಕೇತವನ್ನು ಗುರುತಿಸಿಕೊಳ್ಳಿ. ಗಾಂಜಾದ ಅಮಲೇರಿಸುವ ಅಂಶವಾದ ಟಿಎಚ್‌ಸಿ ಹೋಗಿ ಕೂರುವ, ನರಕೋಶದ ಮೇಲೆ ಸಂಕೇತ ಹಿಡಿಯುವ ಸಿಬಿ1 ಎಂಬ ಗ್ರಾಹಕಕ್ಕೆ ಮಿದುಳು ತಾನೇ ತಯಾರಿಸುವ ಅಣುಗಳಿವೆ. ಅವುಗಳಲ್ಲಿ ಒಂದನ್ನು 1992ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ರಫಾಯೆಲ್ ಮೆಶೌಲಮ್ ಅವರ ತಂಡ ಹಂದಿಯ ಮಿದುಳಿನಿಂದ ಬೇರ್ಪಡಿಸಿ, ನಮ್ಮೆಲ್ಲರಿಗೂ ಪರಿಚಿತವಾದ ‘ಆನಂದ’ ಪದವನ್ನೇ ಸಂಸ್ಕೃತದಿಂದ ಎತ್ತಿಕೊಂಡು ‘ಆನಂದಮೈಡ್’ ಎಂದು ಹೆಸರಿಟ್ಟಿತು. 2-ಎಜಿ ಎಂಬ ಇನ್ನೊಂದು ಅಣುವಿನ ವಿಚಾರ 1995ರಲ್ಲಿ ತಿಳಿಯಿತು. ನರಕೋಶ ಇವನ್ನು ಬೇಕೆಂದಾಗ ತನ್ನ ಪೊರೆಯ ಕೊಬ್ಬಿನಿಂದಲೇ ತಯಾರಿಸುತ್ತದೆ.

ಎರಡನೆಯದಾಗಿ, ಸಂಕೇತವನ್ನು ಅಳಿಸುವವರು ಯಾರೆಂದು ನೋಡಿ. ಆನಂದಮೈಡನ್ನು ಎಫ್‌ಎಎಎಚ್ ಎಂಬ ಕಿಣ್ವವೂ 2-ಎಜಿಯನ್ನು ಮುಖ್ಯವಾಗಿ ಎಂಎಜಿಎಲ್ ಎಂಬ ಕಿಣ್ವವೂ ಒಡೆಯುತ್ತವೆ. ಟಿಎಚ್‌ಸಿ ಮಿದುಳಿನ ಎಲ್ಲೆಡೆಯ ಸಿಬಿ1 ಗ್ರಾಹಕಗಳನ್ನೂ ಒಟ್ಟಿಗೇ ಕೆಣಕುತ್ತದೆ. ಕಿಣ್ವವನ್ನು ತಡೆಯುವ ಔಷಧವಾದರೋ ಹೊಸ ಸಂಕೇತವನ್ನು ಹುಟ್ಟಿಸದೆ, ಎಲ್ಲಿ ಆ ಅಣು ಆಗಲೇ ತಯಾರಾಗುತ್ತಿದೆಯೋ ಅಲ್ಲಿ ಮಾತ್ರ ಅದರ ಆಯಸ್ಸನ್ನು ಹೆಚ್ಚಿಸುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಷ್ಟೇ, ಮತ್ತು ಸುದ್ದಿಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಇದೇ.

ಮೂರನೆಯ ಹಂತ ನಡವಳಿಕೆಯದು. ನೆಲದಿಂದ ಎತ್ತರದಲ್ಲಿರಿಸಿದ ಬಳೆಯಾಕಾರದ ಹಾದಿಯೊಂದನ್ನು ಕಲ್ಪಿಸಿಕೊಳ್ಳಿ. ಅದರ ಎರಡು ಭಾಗಗಳಿಗೆ ಗೋಡೆಯಿದೆ, ಉಳಿದೆರಡು ಬಯಲಾಗಿವೆ. ಹೆದರಿದ ಇಲಿ ಗೋಡೆಯ ಮರೆಯಲ್ಲೇ ಉಳಿಯುತ್ತದೆ. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಫ್‌ಎಎಎಚ್ ತಡೆಯುವ ಯುಆರ್‌ಬಿ597 ಕೊಟ್ಟ ಇಲಿಗಳು ಬಯಲು ಭಾಗದಲ್ಲಿ ಹೆಚ್ಚು ಹೊತ್ತು ಕಳೆದವು. ಸಿಬಿ1 ಗ್ರಾಹಕವನ್ನು ಮುಚ್ಚಿದಾಗ ಆ ಪರಿಣಾಮ ಇಲ್ಲವಾಯಿತು. ಟಿಎಚ್‌ಸಿ ಕೊಟ್ಟಾಗ ಕಾಣುವ ಮೈಮರಗಟ್ಟುವಿಕೆಯಾಗಲಿ, ಮೈಯ ಬಿಸಿ ಇಳಿಯುವುದಾಗಲಿ ಅವುಗಳಲ್ಲಿ ಕಾಣಲಿಲ್ಲ.

ಮುಂದೆ, ಎಷ್ಟು ದಿನ ತಡೆಯಲಾಯಿತು ಎಂದು ಕೇಳಿ. ಎಂಎಜಿಎಲ್ ಕಿಣ್ವವನ್ನು ದಿನಗಟ್ಟಲೆ ಪೂರ್ತಿಯಾಗಿ ತಡೆದ ಇಲಿಗಳಲ್ಲಿ ಸಿಬಿ1 ಗ್ರಾಹಕಗಳೇ ಮಂಕಾಗಿ, ನೋವು ಶಮನದ ಗುಣ ಕಡಿಮೆಯಾಗುತ್ತಾ ಬಂದದ್ದುಂಟು.

ಕೊನೆಯದಾಗಿ ಮನುಷ್ಯರ ಮೇಲಿನ ಫಲಿತಾಂಶಕ್ಕೆ ಬನ್ನಿ, ಇಲ್ಲಿ ಅವಸರ ಬೇಡ. ಮಂಡಿ ಸವೆತದ ನೋವಿಗೆಂದು ಪರೀಕ್ಷಿಸಿದ ಎಫ್‌ಎಎಎಚ್ ಪ್ರತಿಬಂಧಕವೊಂದು ರಕ್ತದಲ್ಲಿ ಆನಂದಮೈಡ್ ಪ್ರಮಾಣವನ್ನು ಏರಿಸಿದರೂ ನೋವನ್ನು ಇಳಿಸಲಿಲ್ಲ. 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಅದೇ ಕಿಣ್ವವನ್ನು ತಡೆಯುವ ಬಿಐಎ 10-2474 ಎಂಬ ಇನ್ನೊಂದು ಔಷಧವನ್ನು ದಿನಕ್ಕೆ 50 ಮಿಲಿಗ್ರಾಂನಂತೆ ಸತತವಾಗಿ ಪಡೆದ ಆರೋಗ್ಯವಂತ ಸ್ವಯಂಸೇವಕರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಮರುವರ್ಷ ಮಾನವ ಕೋಶಗಳಲ್ಲಿ ಪರಿಶೀಲಿಸಿದಾಗ, ಅದು ಎಫ್‌ಎಎಎಚ್ ಜೊತೆಗೆ ಕೊಬ್ಬನ್ನು ಸಂಸ್ಕರಿಸುವ ಬೇರೆ ಹಲವು ಕಿಣ್ವಗಳನ್ನೂ ಕಟ್ಟಿಹಾಕುತ್ತಿದ್ದದ್ದು ಕಂಡುಬಂತು; ಮಂಡಿನೋವಿಗೆ ಪ್ರಯೋಜನವಾಗದ ಆ ಹಳೆಯ ಔಷಧ ಹಾಗೆ ಮಾಡುತ್ತಿರಲಿಲ್ಲ.