ಸುತ್ತಿಗೆ ಬೇಡ, ಫ್ರೀಜರ್ ಸಾಕು: ಮಜಾನ್ ಕ್ರೀಕ್ ಕಲ್ಲುಗಳನ್ನು ನಾನು ತೆರೆಯುವ ರೀತಿ

ಷಿಕಾಗೋದಿಂದ ನೈರುತ್ಯಕ್ಕೆ ಒಂದು ಗಂಟೆ ಚಿಲ್ಲರೆ ಕಾರು ಓಡಿಸಿದರೆ ಬ್ರೇಡ್‌ವುಡ್ ಊರು ಸಿಗುತ್ತದೆ. ಅಲ್ಲಿ ಹಿಂದೆ ಕಲ್ಲಿದ್ದಲಿಗಾಗಿ ನೆಲವನ್ನೇ ಬಗೆದು ತೆಗೆದಿದ್ದರು. ಗಣಿ ಮುಚ್ಚಿದೆ, ಮಣ್ಣಿನ ಗುಡ್ಡೆಗಳು ಹಾಗೇ ಉಳಿದಿವೆ. ಈಗ ಅದರಲ್ಲಿ ಒಂದಷ್ಟು ಜಾಗ ಮಜೋನಿಯಾ ಎಂಬ ಸರ್ಕಾರಿ ರಕ್ಷಿತ ಪ್ರದೇಶ. ಆ ಗುಡ್ಡೆಗಳಲ್ಲಿ ಸಿಗುವ ಕೆಂಪು ಬಣ್ಣದ ಚಪ್ಪಟೆ ಕಲ್ಲುಗುಂಡುಗಳ ಒಳಗೆ ಸುಮಾರು 31 ಕೋಟಿ ವರ್ಷ ಹಳೆಯ ಸಿಗಡಿ, ಜೇಡ, ಚೇಳು, ಸಹಸ್ರಪದಿಗಳ, ಜಿರಳೆಯಂಥ ಕೀಟಗಳ ಪಳೆಯುಳಿಕೆಗಳಿವೆ. ಈ ಕಲ್ಲುಗಳಿಗೇ, ಹತ್ತಿರದ ಹೊಳೆಯ ಹೆಸರಿನಿಂದ, ಮಜಾನ್ ಕ್ರೀಕ್ ಕಲ್ಲು ಎನ್ನುವುದು. ಷಿಕಾಗೋ ಸುತ್ತಮುತ್ತ ಇರುವ ಕನ್ನಡದವರು ವಾರಾಂತ್ಯಕ್ಕೆ ಎಲ್ಲೆಲ್ಲೋ ಹೋಗುತ್ತಾರೆ. ಇಲ್ಲಿಗೂ ಒಮ್ಮೆ ಹೋಗಬೇಕು ಅನ್ನುವುದು ನನ್ನ ಆಸೆ.

ಇಲಿನಾಯ್ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಪರ್ಮಿಟ್ ಬೇಕು, ಅದಕ್ಕೆ ಕಾಸು ಕೊಡಬೇಕಿಲ್ಲ. ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಮಾತ್ರ ಹುಡುಕಬಹುದು. ನಾನು ಹೋಗುವುದು ವಸಂತದ ಶುರುವಿನಲ್ಲಿ. ಹುಲ್ಲು ಇನ್ನೂ ಎದ್ದಿರುವುದಿಲ್ಲ, ಮಳೆ ಮಣ್ಣನ್ನು ತೊಳೆದು ಕಲ್ಲನ್ನು ಮೇಲೆ ತಂದಿರುತ್ತದೆ. ಬೇಸಿಗೆಯಾದರೆ ಪೊದೆ ಜಾಸ್ತಿ, ಉಣ್ಣಿಯ ಕಾಟವೂ ಜಾಸ್ತಿ. ಉದ್ದ ಪ್ಯಾಂಟು ಹಾಕಿ, ಅದನ್ನು ಸಾಕ್ಸಿನ ಒಳಗೆ ಸೇರಿಸಿಕೊಳ್ಳಿ.

ಎಲ್ಲ ಕಲ್ಲೂ ಬೇಡ. ಎರಡೂ ಕಡೆ ಸಮವಾಗಿ ಉಬ್ಬಿ, ಅಂಚು ನುಣುಪಾಗಿರುವ ಮೊಟ್ಟೆಯಾಕಾರದ್ದನ್ನು ಆರಿಸಿಕೊಳ್ಳುತ್ತೇನೆ. ಅದಕ್ಕೆ ಕಾರಣ ಇದೆ. ಆ ಪ್ರಾಣಿಗಳ ಕಾಲದಲ್ಲಿ ಇಲ್ಲಿ ನದಿ ಸಮುದ್ರ ಸೇರುವ ಜಾಗವಿತ್ತು, ಸಮಭಾಜಕಕ್ಕೆ ಹತ್ತಿರ. ಸತ್ತ ಪ್ರಾಣಿಯ ಮೇಲೆ ಬೇಗನೆ ಕೆಸರು ಬೀಳುತ್ತಿತ್ತು. ದೇಹ ಕೊಳೆಯುವಾಗ ಬಂದ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿದ್ದ ಕಬ್ಬಿಣದ ಜೊತೆ ಸೇರಿ, ಸಿಡರೈಟ್ ಎಂಬ ಖನಿಜವಾಗಿ ಆ ದೇಹದ ಸುತ್ತಲೇ ಗಟ್ಟಿಯಾಯಿತು. ಹಾಗಾಗಿ ಕಲ್ಲಿನ ಆಕಾರವೇ ಎಷ್ಟೋ ಸಲ ಒಳಗಿರುವುದರ ಸುಳಿವು ಕೊಡುತ್ತದೆ.

ಇನ್ನು ತೆರೆಯುವ ಕೆಲಸ. ಸುತ್ತಿಗೆಯಿಂದ ಹೊಡೆದರೆ ಕಲ್ಲು ಎಲ್ಲಿ ಬೇಕಾದರೂ ಒಡೆಯಬಹುದು, ಪ್ರಾಣಿಯ ನಡುವೆಯೇ ಸೀಳಬಹುದು. ನೀರು ಹಾಗಲ್ಲ. ದೇಹ ಮಲಗಿರುವ ಪದರವೇ ಕಲ್ಲಿನ ದುರ್ಬಲ ಜಾಗ, ನೀರು ಅಲ್ಲಿಗೇ ಇಳಿಯುತ್ತದೆ. ಹೆಪ್ಪುಗಟ್ಟುವಾಗ ಅದು ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಹಿಗ್ಗಿ ಹಿಗ್ಗಿ, ನೆನೆದ ಕಡಲೆಕಾಳು ಎರಡು ಬೇಳೆಯಾಗುವ ಹಾಗೆ ಕಲ್ಲು ಬಿಚ್ಚಿಕೊಳ್ಳುತ್ತದೆ.

ಮೊದಲು ಕಲ್ಲುಗಳನ್ನು ತೊಳೆದು ಕೆಲವು ವಾರ ಬಕೆಟ್ಟಿನಲ್ಲಿ ನೆನೆಹಾಕುತ್ತೇನೆ. ಆಮೇಲೆ ಪ್ಲಾಸ್ಟಿಕ್ ಡಬ್ಬದಲ್ಲಿ ಮುಳುಗುವಷ್ಟು ನೀರು ಹಾಕಿ ಫ್ರೀಜರ್‌ಗೆ. ಗಾಜಿನ ಪಾತ್ರೆ ಬೇಡವೇ ಬೇಡ, ಸೀಳುತ್ತದೆ. ಡಬ್ಬದ ಮೇಲೆ ಸ್ವಲ್ಪ ಖಾಲಿ ಬಿಡಿ. ಪೂರ್ತಿ ಹೆಪ್ಪುಗಟ್ಟಿದ ಮೇಲೆ ಹೊರಗೆ ತೆಗೆದು, ಪೂರ್ತಿ ಕರಗಲು ಬಿಟ್ಟು, ಮತ್ತೆ ಒಳಗೆ. ನಮ್ಮ ಫ್ರೀಜರ್‌ನಲ್ಲಿ ತೆಂಗಿನ ತುರಿಯ ಪಕ್ಕ ಕಲ್ಲಿನ ಡಬ್ಬಕ್ಕೆ ಕಾಯಂ ಜಾಗ. ಚಳಿಗಾಲದಲ್ಲಿ ಆ ಕೆಲಸವನ್ನು ಇಲ್ಲಿನ ಹವೆಯೇ ಮಾಡುತ್ತದೆ, ಬಕೆಟ್ಟನ್ನು ಹಿತ್ತಲಲ್ಲಿ ಇಟ್ಟರೆ ಆಯಿತು. ಕೆಲವು ಕಲ್ಲು ಬೇಗ ಬಿಡುತ್ತವೆ, ಕೆಲವು ವರ್ಷ ಕಳೆದರೂ ಜಪ್ಪಯ್ಯ ಅನ್ನುವುದಿಲ್ಲ. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೆ ಮಾತ್ರ ಅಲ್ಲಿ ಮೆಲ್ಲಗೆ ತಟ್ಟುತ್ತೇನೆ.

ಬಹಳಷ್ಟು ಕಲ್ಲು ಖಾಲಿ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಖಾಲಿ ಅಲ್ಲದವುಗಳಲ್ಲಿ ಜಾಸ್ತಿ ಸಿಗುವುದು ಎಸೆಕ್ಸೆಲ್ಲಾ, ಸುಮ್ನೆ ಒಂದು ಉಂಡೆಯ ಗುರುತು. ಬಹಳ ಕಾಲ ಅದನ್ನು ಲೋಳೆಮೀನು ಎಂದುಕೊಂಡಿದ್ದರು. 2023ರಲ್ಲಿ ಬಂದ ಅಧ್ಯಯನ ಅದು ಕಡಲ ಹೂವು (ಸೀ ಅನಿಮೋನ್) ಎಂಬ ಪ್ರಾಣಿಯ ಜಾತಿಯದು ಎಂದು ತೋರಿಸಿತು. ಇಲ್ಲಿ ಹುಡುಕುವವರು ಬೇಸರದಿಂದ ಅದನ್ನು ಎಸೆಯುತ್ತಾರೆ. ಎಸೆಯುವ ಮುನ್ನ ಲೆನ್ಸ್ ಹಿಡಿದು ಅಂಚು ನೋಡಿ. ಸೈಕ್ಲಸ್ ಎಂಬ ದುಂಡನೆಯ ಚಿಪ್ಪಿನ ಪ್ರಾಣಿಯೂ ಮೇಲುನೋಟಕ್ಕೆ ಹೀಗೇ ಕಾಣಬಹುದು.

ಕೀಟದ ರೆಕ್ಕೆ ಗುರುತಿಸುವುದು ಇನ್ನೂ ಕಷ್ಟ. ಜರೀಗಿಡದಂಥ ನ್ಯೂರಾಪ್ಟೆರಿಸ್‌ನ ಎಲೆ ಅಳತೆಯಲ್ಲೂ ಆಕಾರದಲ್ಲೂ ರೆಕ್ಕೆಯ ತರಾನೇ ಇರುತ್ತದೆ. ಬೆಳಕನ್ನು ಓರೆಯಾಗಿ ಬಿಟ್ಟು, ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸಿನಲ್ಲಿ ನರಗಳನ್ನು ನೋಡುತ್ತೇನೆ. ಎಲೆಯಲ್ಲಿ ನಡುನರ ಇದ್ದು, ಅದರಿಂದ ಬಾಗಿ ಕವಲೊಡೆದ ನರಗಳು ಅಂಚಿಗೆ ಹೋಗುತ್ತವೆ. ಉದ್ದ ನರಗಳ ನಡುವೆ ಅಡ್ಡ ಗೆರೆಗಳು ಬಲೆಯಂತೆ ಹೆಣೆದುಕೊಂಡಿದ್ದರೆ, ಅದು ರೆಕ್ಕೆ! ಕೀಟಗಳು ನೆಲದ ಪ್ರಾಣಿಗಳು, ಕೊಲ್ಲಿಯ ಕೆಸರಿಗೆ ಕೊಚ್ಚಿಕೊಂಡು ಬಂದರೆ ಮಾತ್ರ ಉಳಿದವು. ಅದಕ್ಕೇ ಅವು ಅಷ್ಟು ಅಪರೂಪ.

ನನ್ನ ಹತ್ತಿರ ಇರುವುದರಲ್ಲಿ ನನಗೆ ತುಂಬ ಇಷ್ಟವಾದದ್ದು ಯೂಪ್ರೂಪ್ಸ್. ಕುದುರೆಲಾಳದ ಏಡಿಗಳ ಹಳೆಯ ನೆಂಟ. ಅರ್ಧಚಂದ್ರದ ತಲೆಗವಚ, ಹೊಟ್ಟೆಯ ಸುತ್ತ ಮುಳ್ಳು, ಹಿಂದೆ ಉದ್ದ ಬಾಲದ ಮುಳ್ಳು. ಇವತ್ತಿಗೂ ಒಡಿಶಾ ಕರಾವಳಿಯಲ್ಲಿ ಇದರ ಬಳಗದವು ಬದುಕಿವೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಕೆಲವು ಕಲ್ಲುಗಳಲ್ಲಿ ಕೆಯೋಲಿನೈಟ್ ಎಂಬ ಬಿಳಿ ಜೇಡಿ ತುಂಬಿರುತ್ತದೆ. ಅದನ್ನು ಕೊಳೆ ಎಂದು ಬ್ರಷ್‌ನಿಂದ ಉಜ್ಜಿ ತೆಗೆಯಬೇಡಿ, ದಯವಿಟ್ಟು. ಮಜಾನ್ ಕ್ರೀಕ್‌ನ ಒಂದು ಯೂಪ್ರೂಪ್ಸ್‌ನಲ್ಲಿ ಮೆದುಳಿನ ಅಚ್ಚೇ ಈ ಬಿಳಿ ಜೇಡಿಯಲ್ಲಿ ಉಳಿದಿತ್ತು. ಅದನ್ನು 2021ರಲ್ಲಿ ವಿಜ್ಞಾನಿಗಳು ವರ್ಣಿಸಿದರು.

ಎರಡೂ ಹೋಳುಗಳನ್ನು ಇಟ್ಟುಕೊಳ್ಳಿ. ಒಂದರಲ್ಲಿ ಕಾಲು ಕಂಡರೆ ಇನ್ನೊಂದರಲ್ಲಿ ಬೆನ್ನು ಕಾಣಬಹುದು. ಎರಡಕ್ಕೂ ಒಂದೇ ನಂಬರ್ ಬರೆದು, ಯಾವ ಗುಡ್ಡೆ, ಯಾವ ದಿನ ಎಂಬ ಚೀಟಿ ಹಾಕಿ. ಗುರುತು ಸಿಗದ ಕಾಲು, ಮುಳ್ಳು ಕಂಡರೆ ಮ್ಯೂಸಿಯಂನವರಿಗೆ ತೋರಿಸಿ. ಇಲ್ಲಿ 1980ರ ದಶಕದಲ್ಲಿ ಹವ್ಯಾಸಿಯೊಬ್ಬರಿಗೆ ಸಿಕ್ಕ, ಕಾಲೆಲ್ಲ ಮುಳ್ಳಿದ್ದ ಜೇಡದಂಥ ಪ್ರಾಣಿಗೆ 2024ರಲ್ಲಿ ಡಗ್ಲಾಸರ‍್ಯಾಕ್ನೆ ಎಂಬ ಹೆಸರು ಸಿಕ್ಕಿತು. ಅದು ಜೇಡ, ಚೇಳುಗಳ ಬಳಗದಲ್ಲಿ ಗೊತ್ತಿರುವ ಯಾವ ಗುಂಪಿಗೂ ಸರಿಯಾಗಿ ಸೇರುವುದಿಲ್ಲ.