ಪೋಸ್ಟರ್ ಮೇಲಿನ ಎಲೆ ಮುಚ್ಚಿದ ಮೇಲೆ ಪಿಕ್ಚರ್ ಓಡ್ತು

ಫೆಸ್ಟಿವಲ್ ಪಿಕ್ಚರ್, ಅಂದ್ರೆ ಫಿಲ್ಮ್ ಫೆಸ್ಟಿವಲಲ್ಲಿ ಪ್ರಶಸ್ತಿ ಗೆದ್ದು ಬಂದಿದ್ದು, ತಾಲ್ಲೂಕು ಥಿಯೇಟರಲ್ಲಿ ಓಡಲ್ಲ ಅಂತ ನನಗೆ ಹೇಳದೇ ಇರೋರು ಯಾರೂ ಇಲ್ಲ. ಗಾಂಧಿನಗರದಲ್ಲಿ ಹೇಳಿದ್ರು, ಪಕ್ಕದ ತಾಲ್ಲೂಕಿನ ಥಿಯೇಟರ್‌ನವರು ಹೇಳಿದ್ರು, ನಮ್ಮ ಗೇಟ್ ಕೀಪರ್ ಅಜ್ಜನಂತೂ "ಸಾಮಿ, ಅವಾರ್ಡ್ ಪಿಕ್ಚರ್ ಹಾಕೋ ಬದ್ಲು ಬಾಗ್ಲು ಹಾಕಿ ಮಲಗೋಣ, ಕರೆಂಟಾದ್ರೂ ಉಳಿಯುತ್ತೆ" ಅಂದಿದ್ದ. ಈಗ ಅದೇ ಅಜ್ಜ ಶನಿವಾರ ಸಂಜೆ ಬಂದು ನಾಳೆ ಹೆಂಗಸರ ಶೋ ಇದ್ಯಾ ಅಂತ ಕೇಳ್ತಾನೆ, ಅದಕ್ಕೇ ಬರೀತಿದ್ದೀನಿ.

ನಮ್ದು ತುಮಕೂರು ಜಿಲ್ಲೆ ತಾಲ್ಲೂಕು ಕೇಂದ್ರ, ಸಿಂಗಲ್ ಸ್ಕ್ರೀನ್, ಬಾಲ್ಕನಿ ಸೇರಿ 480 ಸೀಟು, ಲೀಸ್ ತಗೊಂಡು ನಡೆಸ್ತಿದ್ದೀನಿ. ಮುಂದೆ ಎರಡು ಮಾತು ಬರುತ್ತೆ: ಕೆಡಿಎಂ ಅಂದ್ರೆ ಪಿಕ್ಚರ್ ಫೈಲನ್ನ ಗೊತ್ತು ಮಾಡಿದ ಟೈಮಲ್ಲಿ ಮಾತ್ರ ಓಪನ್ ಮಾಡೋ ಡಿಜಿಟಲ್ ಕೀ, ಫಿಕ್ಸೆಡ್ ಹೈರ್ ಅಂದ್ರೆ ಕಲೆಕ್ಷನಲ್ಲಿ ಪರ್ಸೆಂಟೇಜ್ ಪಾಲಿನ ಬದ್ಲು ಮೊದಲೇ ಮಾತಾಡ್ಕೊಂಡ ಬಾಡಿಗೆ.

ಮೊದಲ ಹೊಡೆತ ಬಿದ್ದಿದ್ದು 2016ರಲ್ಲಿ. ತಿಥಿ ಬಂದಿತ್ತು, ಹಿಂದಿನ ವರ್ಷ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಫೆಸ್ಟಿವಲಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಗೆದ್ದಿದ್ದ ಪಿಕ್ಚರು, ನ್ಯಾಷನಲ್ ಅವಾರ್ಡೂ ಬಂದಿತ್ತು, ಬೆಂಗಳೂರಲ್ಲಿ ಜನ ಮುಗಿಬಿದ್ದು ನೋಡ್ತಿದ್ರು. ಮಂಡ್ಯ ಕಡೆ ಹಳ್ಳಿಯೋರನ್ನೇ ಹಾಕಿ ತೆಗೆದಿದ್ದು, ನಮ್ಮ ಜನಕ್ಕೆ ಹಿಡಿಸದೇ ಇರುತ್ತಾ ಅಂತ ನಾನು ದಿನಕ್ಕೆ ನಾಲ್ಕೂ ಶೋ ಅದನ್ನೇ ಹಾಕ್ದೆ. ಪೋಸ್ಟರ್ ಮೇಲೆ ಲೊಕಾರ್ನೊ ಅಂತ ದಪ್ಪಕ್ಷರದಲ್ಲಿ ಬರೆಸ್ದೆ, ಒಬ್ಬ ಬಂದು "ಲೊಕಾರ್ನೊ ಅಂದ್ರೆ ಹೀರೋಯಿನ್ನಾ ಅಣ್ಣ" ಅಂದ. ಇನ್ನೊಬ್ರು ಫ್ಯಾಮಿಲಿ ಕರ್ಕೊಂಡು ಬಂದೋರು ಹೆಸರು ಓದಿ, ಮುಂದಿನ ವಾರ ನಮ್ಮನೇಲೇ ಇದೆ ತಿಥಿ, ದುಡ್ಡು ಕೊಟ್ಟು ಬೇರೆ ನೋಡ್ಬೇಕಾ ಅಂತ ವಾಪಸ್ ಹೋದ್ರು. ನಾಲ್ಕು ದಿನಕ್ಕೆ ಎತ್ತಿಬಿಟ್ಟೆ, ಹತ್ತಿರ ಹತ್ತಿರ 38 ಸಾವಿರ ಕೈ ಬಿಟ್ಟೋಯ್ತು. ಆದ್ರೆ ಕೊನೇ ದಿನ ಮ್ಯಾಟಿನಿಗೆ ಸಂತೆಗೆ ಬಂದಿದ್ದ ಏಳೆಂಟು ಮುದುಕರು ಕೂತಿದ್ರು ನೋಡಿ, ಅವರು ನಕ್ಕ ನಗು ಪ್ರೊಜೆಕ್ಟರ್ ರೂಮಿಗೇ ಕೇಳಿಸ್ತಿತ್ತು. ಸಂತೆ ದಿನ ಮ್ಯಾಟಿನಿ ಮಾತ್ರ ಇಟ್ಟಿದ್ರೆ ಏನಾಗ್ತಿತ್ತೋ ಅಂತ ವರ್ಷಗಟ್ಟಲೆ ತಲೆ ಕೊರೀತು.

ಆಮೇಲೆ ಕೋವಿಡ್ಡು, ಅದನ್ನ ನೆನಪಿಸ್ಕೊಳ್ಳೋದು ಬೇಡ.

2024 ಜೂನ್ 14ಕ್ಕೆ ಶಿವಮ್ಮ ರಿಲೀಸ್ ಆಯ್ತು. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಫೆಸ್ಟಿವಲಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂದಿದ್ದ ಪಿಕ್ಚರು, ಕೊಪ್ಪಳ ಕಡೆ ಹಳ್ಳಿ ಕಥೆ. ಶಿವಮ್ಮ ರಿಲೀಸ್ ಆದ ದಿನಾನೇ ಧನಂಜಯ ಅವರ ಕೋಟಿ ಪಿಕ್ಚರೂ ಬಂದಿತ್ತು, ಎರಡು ವಾರ ಕಳೆದ್ರೆ ಪ್ರಭಾಸ್ ಅವರ ಕಲ್ಕಿ. ಈ ಸಲ ನಾನು ಶುಕ್ರವಾರದ ತಂಟೆಗೇ ಹೋಗಲಿಲ್ಲ. ಮೊದಲ ವಾರ ತಗೊಂಡ್ರೆ ದುಬಾರಿ, ಪೇಪರ್‌ನಲ್ಲಿ ರಿವ್ಯೂ ಓದೋರು ಹೇಗೂ ತುಮಕೂರಿಗೋ ಬೆಂಗಳೂರಿಗೋ ಹೋಗಿ ನೋಡ್ಕೋತಾರೆ. ಜುಲೈನಲ್ಲಿ ಕಲ್ಕಿ ತಣ್ಣಗಾದ ಮೇಲೆ ಆರೇ ಆರು ಶೋ ಕೇಳ್ದೆ, ನಾಲ್ಕು ಭಾನುವಾರ ಬೆಳಗ್ಗೆ 11ಕ್ಕೆ, ಎರಡು ಬುಧವಾರ. ಪರ್ಸೆಂಟೇಜ್ ಬೇಡ, ಫಿಕ್ಸೆಡ್ ಅಂದೆ. ಫೋನಿನ ಆ ಕಡೆ ಇದ್ದ ಡಿಸ್ಟ್ರಿಬ್ಯೂಟರ್ ನಕ್ಕುಬಿಟ್ರು. ಕೊನೆಗೆ 20 ಸಾವಿರಕ್ಕೆ ಒಪ್ಪಿಸ್ದೆ, ಹೇಗೆ ಒಪ್ಪಿಸ್ದೆ ಅನ್ನೋದನ್ನ ಇಲ್ಲಿ ಬರೆಯಲ್ಲ, ಪಕ್ಕದ ತಾಲ್ಲೂಕಿನೋರೂ ಓದ್ತಾರೆ.

ಪೋಸ್ಟರ್ ಬಂತು, ಮೇಲುಗಡೆ ಆ ಎರಡು ಎಲೆ ಬಳ್ಳಿ ಚಿತ್ರ ಇರುತ್ತಲ್ಲ, ಫೆಸ್ಟಿವಲ್ ಹೆಸರಿಗೆ ಆಚೀಚೆ, ಅದನ್ನ ನೋಡಿದ ತಕ್ಷಣ ನಮ್ಮೂರಲ್ಲಿ ಸ್ಲೋ ಪಿಕ್ಚರ್ ಅಂತ ತೀರ್ಮಾನ ಆಗೋಗುತ್ತೆ. ಆ ಜಾಗಕ್ಕೆಲ್ಲ ಶೋ ಟೈಮಿನ ಚೀಟಿ ಅಂಟಿಸಿಬಿಟ್ಟೆ. ಆಟೋ ಮೈಕಲ್ಲಿ ಬೂಸಾನೂ ಇಲ್ಲ ಪ್ರಶಸ್ತಿನೂ ಇಲ್ಲ, "ಮಗಳ ಮದುವೆಗೆ ಇಟ್ಟಿದ್ದ ದುಡ್ಡನ್ನ ಕಂಪನಿಗೆ ಕಟ್ಟಿದ ಬಿಸಿಯೂಟದ ಶಿವಮ್ಮ, ಆಮೇಲೆ ಏನಾಯ್ತು" ಇಷ್ಟೇ. ಯಾಕಂದ್ರೆ ನಮ್ಮ ಕಡೆ ಇಂಥ ಚೈನ್ ಬಿಸಿನೆಸ್ಸಲ್ಲಿ ಕೈ ಸುಟ್ಕೊಂಡಿಲ್ಲದ ಬೀದಿ ಇಲ್ಲ, ನಮ್ಮ ಅತ್ತಿಗೆನೇ ಎಂಟು ಸಾವಿರ ಕಟ್ಟಿ ಡಬ್ಬ ಡಬ್ಬ ಪುಡಿ ಅಟ್ಟದ ಮೇಲೆ ಇಟ್ಕೊಂಡಿದ್ರು.

ಟಿಕೆಟ್ ಕೌಂಟರಲ್ಲಿ ಕೂತು ಕಾಯಲಿಲ್ಲ. ಸ್ತ್ರೀಶಕ್ತಿ ಸಂಘದ ವಾರದ ಮೀಟಿಂಗ್‌ಗೆ ಹೋಗಿ 60 ರೂಪಾಯಿ ಟಿಕೆಟ್ ಬುಕ್ ಅಲ್ಲೇ ಕೊಟ್ಟು ಬರ್ತಿದ್ದೆ, ಬಿಸಿಯೂಟದ ಅಡುಗೆಯೋರ ಹತ್ರಾನೂ ಹೋದೆ. ಮೊದಲು ಯಾರ ಹತ್ರ ಹೋಗ್ಬೇಕು ಅನ್ನೋದ್ರಲ್ಲೇ ಎಲ್ಲ ಇರೋದು, ಅದೂ ನನ್ನ ಹತ್ರಾನೇ ಇರಲಿ. 11 ಗಂಟೆ ಯಾಕೆ ಅಂದ್ರೆ, ತಿಂಡಿ ಮುಗಿಸಿ ಹಳ್ಳಿಯಿಂದ ಬಸ್ಸಲ್ಲಿ ಬಂದು, ಪಿಕ್ಚರ್ ನೋಡಿ ಎರಡರ ಬಸ್ಸಿಗೆ ವಾಪಸ್ ಹೋಗ್ಬೋದು. ಪಿಕ್ಚರ್ ಎರಡು ಗಂಟೆನೂ ಇಲ್ವಲ್ಲ.

ಮೊದಲ ಭಾನುವಾರ 210 ಚಿಲ್ಲರೆ ಜನ ಕೂತಿದ್ದಾರೆ, ಕೀ ಓಪನ್ನೇ ಆಗ್ತಿಲ್ಲ! ಕಳಿಸಿದೋರು ಕೆಡಿಎಂ ಟೈಮನ್ನ ಮಧ್ಯಾಹ್ನ 12ರಿಂದ ಹಾಕ್ಬಿಟ್ಟಿದ್ರು, ಭಾನುವಾರ ಅವರ ಆಫೀಸಲ್ಲಿ ಯಾರು ಫೋನ್ ಎತ್ತಬೇಕು. ನಾನು ಸ್ಟೇಜ್ ಮೇಲೆ ನಿಂತು ತಪ್ಪಾಗಿದೆ ಅಂತ ಕೈ ಮುಗಿದೆ, ಎಲ್ಲರಿಗೂ ಟೀ ಮಂಡಕ್ಕಿ ಕೊಡ್ಸಿದೆ, ಅದಕ್ಕೇ ಮೂರು ಸಾವಿರ ಹೋಯ್ತು, ಬಿಟ್ಟಿ. ಎದ್ದು ಹೋದೋರು ಹತ್ತು ಜನ ಇರ್ಬೋದು ಅಷ್ಟೇ, ಮಿಕ್ಕೋರು ಸಂಘದ ಲೆಕ್ಕ ಮಾತಾಡ್ಕೊಂಡು ಕೂತ್ರು. 12ಕ್ಕೆ ಶುರು ಆಯ್ತು. ಕೊಪ್ಪಳದ ಮಾತು ಮೊದಲ ಹತ್ತು ನಿಮಿಷ ಹಿಡಿಯಲಿಲ್ಲ, ಏನಂದ್ಲು ಏನಂದ್ಲು ಅಂತ ಗುಸುಗುಸು. ಶಿವಮ್ಮ ಕಂಪನಿ ಸಾಮಾನು ಮಾರೋಕೆ ಹೊರಟ ಮೇಲೆ ನೋಡ್ಬೇಕಿತ್ತು, ಹಿಂದಿನ ಸಾಲಿಂದ ಒಬ್ರು ಜೋರಾಗಿ "ಕಟ್ಬೇಡ ಕಣವ್ವಾ" ಅಂತ ಕೂಗಿದ್ರು.

ಇಂಟರ್ವಲ್ ವಿಚಾರ ಹೇಳ್ಬೇಕು. ಫೆಸ್ಟಿವಲ್ ಪಿಕ್ಚರ್ ಮಾಡೋರಿಗೆ ಇಂಟರ್ವಲ್ ತಲೇಲೇ ಇರಲ್ಲ, ನಮಗೆ ಕ್ಯಾಂಟೀನ್ ನಡೀಬೇಕು. ಮೊದಲ ಶೋನಲ್ಲಿ ನಮ್ಮ ಆಪರೇಟರ್ ಗಡಿಯಾರ ನೋಡಿ ಮಾತಿನ ಮಧ್ಯೆ ಲೈಟ್ ಹಾಕ್ಬಿಟ್ಟ, ಜನ ಬೈದ್ರು. ಎರಡನೇದಕ್ಕೆ ನಾನೇ ಹಿಂದಿನ ರಾತ್ರಿ ಪೂರ್ತಿ ನೋಡಿ ಜಾಗ ಗುರುತು ಮಾಡ್ದೆ.

ಆರು ಶೋಗೆ ಒಟ್ಟು ಸಾವಿರದ ಐವತ್ತರ ಆಸುಪಾಸು ಜನ, 63 ಸಾವಿರ ಗ್ರಾಸ್. ಹೈರ್ 20, ಕರೆಂಟು ಡೀಸೆಲ್ಲು ಹುಡುಗರ ಕೂಲಿ ಸೇರಿ ಶೋಗೆ ಮೂರುವರೆ ಸಾವಿರದಂಗೆ 21, ಡಿಜಿಟಲ್ ಚಾರ್ಜ್ ಐದು, ಆಟೋ ಪೋಸ್ಟರ್ ನಾಲ್ಕು, ಜಿಎಸ್‌ಟಿ ಕಳೆದು ಕೈಯಲ್ಲಿ ಆರು ಸಾವಿರ ಚಿಲ್ಲರೆ. ಟೀ ಮಂಡಕ್ಕಿ ಲೆಕ್ಕ ಹಿಡಿದ್ರೆ ಮೂರು. ಇದಕ್ಕಾ ಇಷ್ಟು ಕುಣಿದಾಟ ಅಂತೀರೇನೋ, ಆದ್ರೆ ಅದೇ ಬೆಳಗಿನ ಶೋಗೆ ಬೇರೆ ಪಿಕ್ಚರ್ ಹಾಕಿದ್ರೆ ಇಪ್ಪತ್ತು ಜನ, ಕರೆಂಟ್ ಬಿಲ್ಲೂ ಹುಟ್ಟಲ್ಲ. ಕ್ಯಾಂಟೀನ್ ಬೇರೆ ಹದಿನಾಲ್ಕು ಸಾವಿರ ತಂತು, ಅದು ನಂದೇ.

ಗೆದ್ದ ಕೊಬ್ಬು ಇಳಿದಿದ್ದು ನವೆಂಬರಲ್ಲಿ. ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್, ಫ್ರಾನ್ಸಿನ ಕಾನ್ ಫೆಸ್ಟಿವಲಲ್ಲಿ ಗ್ರಾಂಡ್ ಪ್ರಿ ಪ್ರಶಸ್ತಿ, ಮೂವತ್ತು ವರ್ಷದ ಮೇಲೆ ಅಲ್ಲಿನ ಮೇನ್ ಕಾಂಪಿಟಿಷನ್‌ಗೆ ಹೋದ ಇಂಡಿಯನ್ ಪಿಕ್ಚರು, ನಾನು ಬಿಡ್ತೀನಾ. ಮಲಯಾಳಂ ಹಿಂದಿ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳದೆ ಮೂರು ಶೋ ತಂದೆ, ಮೊದಲ ದಿನ ಒಂಬತ್ತು ಜನ. ರಾತ್ರಿ ಊಟ ಸೇರಲಿಲ್ಲ. ಹೆಂಡತಿ ಕೇಳಿದ್ಲು, ಕಥೆ ಏನು ಅಂತ. ಮುಂಬೈನಲ್ಲಿರೋ ಕೇರಳದ ನರ್ಸ್‌ಗಳ ಕಥೆ ಅಂದೆ. "ಬಸ್ ಸ್ಟ್ಯಾಂಡ್ ಹಿಂದಿನ ಆಸ್ಪತ್ರೇಲಿ ಇರೋರೆಲ್ಲ ಎಲ್ಲಿಯವರು ರೀ" ಅಂದ್ಲು. ಎದ್ದು ಆ ಆಸ್ಪತ್ರೆಗೇ ಹೋದೆ. ಅಲ್ಲಿನ ನರ್ಸ್‌ಗಳ ಶಿಫ್ಟ್ ಎರಡಕ್ಕೆ ಮುಗಿಯುತ್ತೆ, ಮಾರನೇ ದಿನ ಶೋನ ಮೂರು ಗಂಟೆಗೆ ಎಳೆದೆ, 31 ಜನ ಬಂದ್ರು. ಲಾಸೇ, ಹನ್ನೊಂದು ಸಾವಿರದ ಮೇಲೆ ಹೋಯ್ತು, ಆದ್ರೂ ಶೋ ಮುಗಿದ ಮೇಲೆ ಆ ಹುಡುಗೀರು ಹತ್ತು ನಿಮಿಷ ಸೀಟಿಂದ ಏಳಲಿಲ್ಲ, ಗುಡಿಸೋ ಹುಡುಗನ್ನ ನಾನೇ ಆಚೆ ಕಳಿಸ್ದೆ.

ಅಪ್ಪ ಅಮ್ಮನ್ನ ಕಳ್ಕೊಂಡ ಹುಡುಗನ ಕಥೆ ಮಿಥ್ಯ 2025 ಮಾರ್ಚಲ್ಲಿ ಬಂತು, ಮೇಷ್ಟ್ರುಗಳಿಗೆ ಅಂತ ಇಟ್ಕೊಂಡಿದ್ದೆ, ಅವರೆಲ್ಲ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಗಡಿಬಿಡೀಲಿ. ಕೈ ಬಿಟ್ಟೆ.

ಯಾರಾದ್ರೂ ಟ್ರೈ ಮಾಡೋದಾದ್ರೆ ಪಿಕ್ಚರ್ ಕೈಗೆ ಬಂದ ದಿನ, ಇದು ಊರಲ್ಲಿ ಯಾರ ಮನೆ ಕಥೆ ಅಂತ ಹೆಂಡತೀನ ಕೇಳಿ, ನಾನೀಗ ಹಂಗೇ ಮಾಡೋದು. ಮತ್ತೆ ಕೀ ಬಂದ ತಕ್ಷಣ ಅದರ ಟೈಮ್ ಓದಿ, ಶನಿವಾರ ಆಫೀಸ್ ಮುಚ್ಚೋ ಮುಂಚೆ. ಮಂಡಕ್ಕಿ ರೇಟ್ ಈಗ ಇನ್ನೂ ಜಾಸ್ತಿ ಆಗಿದೆ.