ಶುರುವನ್ನು ಬಿಟ್ಟು ಆಸರೆಯನ್ನು ಹಿಡಿದೆ

ದೇವರಿದ್ದಾನೆ ಎಂದು ತರ್ಕದಿಂದ ತೋರಿಸಲು ಹೊರಟರೆ ಎರಡೂ ಕಡೆಯಿಂದ ಬೈಗುಳ ಸಿಗುತ್ತದೆ. ತಲಕಾವೇರಿಯಲ್ಲಿ ತೀರ್ಥೋದ್ಭವ ನೋಡಿ ಬಂದವರಿಗೆ ತರ್ಕ ಯಾಕೆ ಬೇಕು? ನಂಬದವರಿಗೋ, ಇದೆಲ್ಲ ಸುಮ್ನೆ ಮಾತಿನ ಕಸರತ್ತು. ನಮ್ಮ ಮನೆಯಲ್ಲಿ ಮೊದಲ ಪಂಗಡ ನನ್ನ ಅಕ್ಕ, ಎರಡನೆಯದು ಅವಳ ಮಗ. ಮಡಿಕೇರಿ ಕಡೆ ಮಳೆಗಾಲ ಅಂದರೆ ಗೊತ್ತಲ್ಲ, ಕರೆಂಟ್ ಹೋದ ಮೇಲೆ ವಾದ ಬಿಟ್ಟರೆ ಬೇರೆ ಕೆಲಸ ಇರುವುದಿಲ್ಲ. ಹಾಗೆ ಅಳಿಯನ ಜೊತೆ ಕೂತು ಕೂತು ಕಟ್ಟಿಕೊಂಡ ವಾದ ಇದು.

ಹೆಚ್ಚಿನವರು ಹಿಡಿಯುವುದು ‘ಶುರು’ವಿನ ದಾರಿ. ಶುರುವಾದದ್ದಕ್ಕೆಲ್ಲ ಕಾರಣ ಇರಬೇಕು, ಜಗತ್ತು ಶುರುವಾಯಿತು, ಹಾಗಾಗಿ ಅದಕ್ಕೂ ಕಾರಣ ಇದೆ. 1111ರಲ್ಲಿ ತೀರಿಕೊಂಡ ಮುಸ್ಲಿಂ ಚಿಂತಕ ಅಲ್ ಗಜಾಲಿ ಇದನ್ನು ಚೊಕ್ಕವಾಗಿ ಹೇಳಿದ್ದಾನೆ. ಈಗಿನವರು ಇದಕ್ಕೆ ಬಿಗ್ ಬ್ಯಾಂಗ್, ಅಂದರೆ ಮಹಾಸ್ಫೋಟದ ಸಿದ್ಧಾಂತ ಸೇರಿಸುತ್ತಾರೆ. 1380 ಕೋಟಿ ವರ್ಷದ ಹಿಂದೆ ಎಲ್ಲ ಶುರುವಾಯಿತಲ್ಲ, ಮುಗಿಯಿತು! ನಾನು ಆ ದಾರಿಗೆ ಹೋಗುವುದಿಲ್ಲ. ಅದಕ್ಕೂ ಮೊದಲು ಏನಾದರೂ ಇತ್ತಾ ಎಂಬುದು ಭೌತಶಾಸ್ತ್ರದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನಾಳೆ ಅವರ ಲೆಕ್ಕ ಬದಲಾದರೆ ನಮ್ಮ ದೇವರೂ ಬದಲಾಗಬೇಕಾ? ಆ ಸಿದ್ಧಾಂತಕ್ಕೆ ದಾರಿ ಹಾಕಿದ ಬೆಲ್ಜಿಯಂನ ವಿಜ್ಞಾನಿ ಲೆಮೈತ್ರ್ ಸ್ವತಃ ಪಾದ್ರಿ. 1951ರಲ್ಲಿ ಪೋಪ್ ಅದನ್ನು ಸೃಷ್ಟಿಗೆ ಸಾಕ್ಷಿ ಎಂಬಂತೆ ಮಾತಾಡಿದ್ದು ಅವರಿಗೇ ಹಿಡಿಸಲಿಲ್ಲ. ಮಧ್ಯಯುಗದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಕೂಡ ಜಗತ್ತಿಗೆ ಶುರು ಇದೆ ಎಂದು ನಂಬಿದವನೇ. ಆದರೆ ಅದನ್ನು ತರ್ಕದಿಂದ ಸಾಧಿಸಲಾಗದು ಎಂದು ಬಿಟ್ಟ.

ಹಾಗಾಗಿ ನಾನು ಹಿಂದಿನದನ್ನು ಬಿಟ್ಟು ಈ ಕ್ಷಣದ ಬಗ್ಗೆ ಕೇಳುತ್ತೇನೆ. ತೋಟದಲ್ಲಿ ಸಿಲ್ವರ್ ಓಕ್‌ಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ ತೋರಿಸಿ ಅಳಿಯನಿಗೆ ಹೇಳಿದೆ: “ಇದನ್ನು ನೆಟ್ಟವರು ಯಾರು ಅಂತ ಕೇಳ್ತಿಲ್ಲ ಮಾರಾಯ. ಈಗ ಇದು ಯಾವುದನ್ನು ಹಿಡಿದು ನಿಂತಿದೆ?” ಮರವನ್ನು. ಮರ? ಮಣ್ಣನ್ನು. ನೆಟ್ಟವನು ಸತ್ತರೂ ಬಳ್ಳಿ ನಿಲ್ಲುತ್ತದೆ. ಮರ ಉರುಳಿದರೆ ಆಗಲೇ ಬೀಳುತ್ತದೆ. ಬಳ್ಳಿಗೆ ಇನ್ನೊಂದು ಬಳ್ಳಿ, ಅದಕ್ಕೆ ಮತ್ತೊಂದು ಅಂತ ಎಷ್ಟೇ ಸೇರಿಸಿದರೂ ಒಂದೂ ನಿಲ್ಲುವುದಿಲ್ಲ, ಅಲ್ವಾ?

ಇದೇ ಮಾತನ್ನು ಇರುವಿಕೆಗೆ ಹಚ್ಚಿದವನು ಪರ್ಷಿಯಾದ ವೈದ್ಯ, ತತ್ವಜ್ಞಾನಿ ಇಬ್ನ್ ಸೀನಾ (980–1037). ನಾನು, ನೀವು, ಈ ಗುಡ್ಡ ಎಲ್ಲ ಇವೆ, ನಿಜ. ಇಲ್ಲದೇ ಇರಲೂಬಹುದಿತ್ತು. ಅಂಥವು ಇರಬೇಕಾದರೆ ಬೇರೆ ಆಸರೆ ಬೇಕು. ಅಂಥವೇ ಲೆಕ್ಕವಿಲ್ಲದಷ್ಟು ಸೇರಿದರೂ ಒಟ್ಟು ಗುಂಪಿಗೆ ಆಸರೆ ಬೇಕೇ ಬೇಕು. ಹಾಗಾದರೆ ಯಾವುದನ್ನೂ ಹಿಡಿಯದೆ ತಾನೇ ಇರುವಂಥದ್ದು ಒಂದಿರಬೇಕು. ಅಲ್ಲಿಗೆ ಬಂದರೆ ‘ಶಾಶ್ವತ’ ಎಂಬುದು ಪುಕ್ಕಟೆಯಾಗಿ ಸಿಗುತ್ತದೆ. ಅದು ಯಾವುದನ್ನೂ ನೆಚ್ಚಿಲ್ಲ. ಹಾಗಿರುವಾಗ ಯಾವುದೋ ಬಂದದ್ದರಿಂದ ಅದು ಶುರುವಾಗಲಿಲ್ಲ, ಯಾವುದೋ ಹೋದರೆ ಮುಗಿಯುವುದೂ ಇಲ್ಲ. ಜಗತ್ತು ಅನಾದಿ ಎಂದೇ ಇಟ್ಟುಕೊಳ್ಳಿ, ಈ ವಾದಕ್ಕೆ ಗೀರೂ ಬೀಳುವುದಿಲ್ಲ. ನನಗೆ ಇದು ಇಷ್ಟವಾದದ್ದೇ ಅದಕ್ಕೆ.

“ಹಾಗಾದ್ರೆ ದೇವರಿಗೆ ಆಸರೆ ಯಾರು ಮಾವ?” ಈ ಪ್ರಶ್ನೆ ಬಂದೇ ಬರುತ್ತದೆ, ಬೇಗ ಮುಗಿಯುತ್ತದೆ. ಎಲ್ಲಕ್ಕೂ ಆಸರೆ ಬೇಕು ಎಂದು ನಾನು ಹೇಳಿಯೇ ಇಲ್ಲ. ಇಲ್ಲದೇ ಇರಬಹುದಾಗಿದ್ದಕ್ಕೆ ಬೇಕು ಅಂದೆ, ಅಷ್ಟೇ.

ಕಷ್ಟ ಇರುವುದು ಮುಂದೆ. ಆ ತಾನೇ ಇರುವಂಥದ್ದು ಈ ವಿಶ್ವವೇ ಯಾಕಾಗಬಾರದು? 1948ರಲ್ಲಿ ಬಿಬಿಸಿ ರೇಡಿಯೋದಲ್ಲಿ ಕಾಪ್ಲ್‌ಸ್ಟನ್ ಪಾದ್ರಿಯ ಜೊತೆ ವಾದಿಸುತ್ತಾ ಬ್ರಿಟನ್ನಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಹೇಳಿದ್ದೂ ಹೀಗೆಯೇ. ವಿಶ್ವ ಇದೆ, ಅಷ್ಟೇ ಅಂತ. ನಾನು ಹೇಳುವುದು ಇದು: ಬಿಡಿಬಿಡಿ ಭಾಗಗಳಿಂದ ಆದದ್ದು ಆ ಭಾಗಗಳನ್ನು ನೆಚ್ಚಿರುತ್ತದೆ. ಅಳಿಯ ಬಿಡುವುದಿಲ್ಲ. ಎಲ್ಲಕ್ಕೂ ತಳದಲ್ಲಿ ಭಾಗಗಳೇ ಇಲ್ಲದ ಕ್ವಾಂಟಮ್ ಫೀಲ್ಡ್ (ಕಣಗಳೆಲ್ಲ ಅದರ ಅಲೆಗಳು ಎನ್ನುತ್ತದೆ ಭೌತಶಾಸ್ತ್ರ) ಇರಬಹುದಲ್ಲ ಎನ್ನುತ್ತಾನೆ. ಸರಿ, ಆದರೆ ಅದು ಈ ನಿಯಮದಂತೆಯೇ ಯಾಕೆ ನಡೆಯಬೇಕು, ಬೇರೆ ನಿಯಮ ಇರಬಹುದಿತ್ತಲ್ಲ? ಇರಲು ಸಾಧ್ಯವೇ ಇರಲಿಲ್ಲ ಎಂದು ಅವನು ತೋರಿಸಿಲ್ಲ. ಇರಬಹುದಿತ್ತು ಎಂದು ನಾನೂ ಪೂರ್ತಿ ತೋರಿಸಿಲ್ಲ. ತಕ್ಕಡಿ ನನ್ನ ಕಡೆ ಸ್ವಲ್ಪ ಜಾಸ್ತಿ ವಾಲುತ್ತದೆ ಎಂದು ನನಗನ್ನಿಸುತ್ತದೆ.

ನಮ್ಮಲ್ಲಿ ನ್ಯಾಯಶಾಸ್ತ್ರದ (ತರ್ಕದ) ಪಂಡಿತ ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿ ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತನಿರಬೇಕು ಎಂದು ವಾದಿಸಿದ್ದಾನೆ. ತಮಾಷೆ ನೋಡಿ, ಇಂಥ ವಾದವನ್ನು ಕೆಡವಿದವರಲ್ಲಿ ದೊಡ್ಡ ದೈವಭಕ್ತರೇ ಇದ್ದಾರೆ. ದೊಡ್ಡ ಅರಮನೆಯನ್ನು ಎಷ್ಟೋ ಜನ ಸೇರಿ ಕಟ್ಟುತ್ತಾರೆ, ಹಾಗೆ ನೋಡಿದರೆ ಜಗತ್ತಿಗೂ ಕರ್ತರು ಹಲವರು ಇರಬಹುದಲ್ಲ ಎಂದು ರಾಮಾನುಜರು ಕೇಳಿದರು. ದೇವರನ್ನು ತಿಳಿಯಲು ಶಾಸ್ತ್ರವೇ ಬೇಕು ಎಂಬುದು ಅವರ ನಿಲುವು, ಮಧ್ವರದೂ ಅದೇ. ಈ ಏಟು ‘ಕಟ್ಟಿದವನು’ ಎಂಬ ವಾದಕ್ಕೆ ಜೋರಾಗಿ ಬೀಳುತ್ತದೆ, ‘ಆಸರೆ’ಗೆ ಅಷ್ಟಿಲ್ಲ. ತಾನೇ ಇರುವಂಥವು ಎರಡಿದ್ದರೆ ಒಂದರಿಂದ ಇನ್ನೊಂದನ್ನು ಬೇರೆ ಮಾಡುವುದು ಏನು? ಅದನ್ನು ಹೊರಗಿನಿಂದ ತಂದರೆ ಅವು ತಾನೇ ಇರುವಂಥವಲ್ಲ.

ಅಕ್ಕನ ಪ್ರಶ್ನೆ ಬೇರೆ. “ಕಕ್ಕಬ್ಬೆಗೆ ಹೋಗಿ ಇಗ್ಗುತ್ತಪ್ಪನಿಗೆ ಹರಕೆ ಹೇಳ್ಕೊಂಡ್ರೆ ನಿನ್ನ ಆಸರೆಗೆ ಕೇಳಿಸುತ್ತೇನೋ?” ಈ ವಾದ ಅಲ್ಲಿಯವರೆಗೆ ಹೋಗುವುದಿಲ್ಲ. ಆ ಆಸರೆಗೆ ಅರಿವಿದೆಯಾ, ಕರುಣೆ ಇದೆಯಾ ಎಂಬುದಕ್ಕೆ ಬೇರೆಯೇ ವಾದ ಕಟ್ಟಬೇಕು. ಎರಡನ್ನೂ ಒಂದೇ ಸಲ ಸಾಧಿಸಲು ಹೋದರೆ ಎದುರಿನವನು ಎರಡನೆಯದರ ಸಡಿಲು ಹಿಡಿದು ಮೊದಲನೆಯದನ್ನೂ ಎಳೆದು ಬೀಳಿಸುತ್ತಾನೆ. ಅದಕ್ಕೇ ನಾನು ಮೊದಲೇ ಹೇಳಿಬಿಡುತ್ತೇನೆ: ಇವತ್ತು ಮಾತು ಶಾಶ್ವತವಾದದ್ದು ಒಂದು ಇದೆಯಾ ಎಂಬುದರ ಬಗ್ಗೆ ಮಾತ್ರ, ಹರಕೆಯ ವಿಷಯ ಅಕ್ಕನನ್ನೇ ಕೇಳು.